ಬೋರ್ ನೀರಿನ ಸೀಮೆಯಲ್ಲಿ ಮಕ್ಕಳ ಹಲ್ಲು: ಎಂಟು ಸೂತ್ರ

ಸಂತೆಕಲ್ಲೂರು ‘ಕೃಷಿಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರು. ನೆಲ-ನೀರು ನೋಡಿ ಬಿತ್ತಬೇಕೆಂದು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮಕ್ಕಳ ಹಲ್ಲಿಗೂ ಅದೇ ಮಾತು.

1. ಮೊದಲು ನೀರು ನೋಡಿ. ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದು ಬೆಳೆದ ಮಗುವಿಗೆ ಹಾಲುಹಲ್ಲು ಬಿದ್ದ ಮೇಲೆ ಹುಟ್ಟುವ ಹಲ್ಲುಗಳಲ್ಲಿ ಹೆಚ್ಚಾಗಿ ಬಿಳಿ ಪಟ್ಟೆ, ಕಂದು ಕಲೆ ಬರುತ್ತವೆ. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಆಗುವ ಕೇಡಿದು. ಎಷ್ಟು ಉಜ್ಜಿದರೂ ಹೋಗದು. ಕುದಿಸಿದರೂ ಪ್ರಯೋಜನವಿಲ್ಲ: ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಕಣ್ಣಿಗೂ ನಾಲಿಗೆಗೂ ಇದು ಸಿಗದು, ಪಂಚಾಯಿತಿಗೆ ಹೇಳಿ ಪರೀಕ್ಷೆ ಮಾಡಿಸಿ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬರೀ ಕುಡಿಯುವುದಕ್ಕಲ್ಲ. ಕೂಸಿನ ಗಂಜಿಗೆ, ಬೇಳೆ ಬೇಯಿಸಲು ಮೊದಲು ಅದೇ ಇರಲಿ.

2. ಕಲೆ ಬೇರೆ, ಹುಳುಕು ಬೇರೆ. “ನಮ್ಮೂರ ನೀರೇ ಹಂಗ ಐತ್ರಿ” ಎಂದು ಹುಳುಕನ್ನೂ ನೀರಿನ ತಲೆಗೆ ಕಟ್ಟುವವರು ಬಹಳ. ಎರಡು ವರ್ಷದ ಕೂಸಿನ ಮೇಲ್ತುಟಿ ಎತ್ತಿ ನೋಡಿ. ಮುಂದಿನ ಹಲ್ಲು ಒಸಡಿಗೆ ಸೇರುವಲ್ಲಿ ಬಿಳಿ ಗೆರೆ ಕಂಡರೆ ಹುಳುಕು ಹಿಡಿಯತೊಡಗಿದೆ ಎಂದೇ ಅನುಮಾನಿಸಿ. ಕಾದರೆ ಕಂದಾಗಿ ಗುಳಿ ಬೀಳುತ್ತದೆ. ಇದು ಸಕ್ಕರೆಯ ಕೆಲಸ, ತಡೆಯುವುದು ನಿಮ್ಮ ಕೈಯಲ್ಲೇ ಇದೆ.

3. ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು-ಸಕ್ಕರೆ ಹಲ್ಲಿಗೇ ಅಂಟಿರುತ್ತದೆ.

4. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು. ಬ್ರಶ್ ತುಂಬ ಹಾಕುವುದು ಟಿವಿ ಜಾಹೀರಾತಿನವರ ಚಾಳಿ. ನುಂಗದಂತೆ ಉಗುಳಿಸಿ, ಈ ಸೀಮೆಯಲ್ಲಿ ಇದು ಇನ್ನೂ ಮುಖ್ಯ. ನಿಮ್ಮ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ಗೊತ್ತಾದರೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನೇ ಕೇಳಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ.

5. ರಾತ್ರಿ ಉಜ್ಜುವುದನ್ನು ತಪ್ಪಿಸಬೇಡಿ. ಏಳೆಂಟು ವರ್ಷದವರೆಗೆ ಬ್ರಶ್ ದೊಡ್ಡವರ ಕೈಯಲ್ಲಿರಲಿ.

6. “ಬೀಳೂ ಹಲ್ಲಿಗೆ ಯಾಕವ್ವಾ ಇಷ್ಟು ಉಸಾಬರಿ?” ಎಂದು ಅಜ್ಜಿ ಕೇಳಿಯೇ ಕೇಳುತ್ತಾಳೆ. ಹಾಲುಹಲ್ಲು ಒಟ್ಟು 20. ಅವುಗಳಲ್ಲಿ ದವಡೆಯವು ಹತ್ತು-ಹನ್ನೆರಡು ವರ್ಷದವರೆಗೂ ಇದ್ದು ಮುಂದಿನ ಹಲ್ಲಿಗೆ ಜಾಗ ಕಾಯುತ್ತವೆ. ಮೊದಲೇ ಕಿತ್ತರೆ ಅಕ್ಕಪಕ್ಕದವು ವಾಲಿ, ಹೊಸದು ಸೊಟ್ಟಗೆ ಹುಟ್ಟುತ್ತದೆ. ಇನ್ನೊಂದು ಮಾತು: ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ, ಎಲ್ಲದರ ಹಿಂದೆ ಸದ್ದಿಲ್ಲದೆ ಹುಟ್ಟುವ ದವಡೆಹಲ್ಲು ಹಾಲುಹಲ್ಲಲ್ಲ. ಕಡೆಯತನಕ ಇರಬೇಕಾದದ್ದು ಅದೇ, ಎಷ್ಟೋ ಮಕ್ಕಳಲ್ಲಿ ಮೊದಲು ಹುಳುಕು ಹಿಡಿಯುವುದೂ ಅದಕ್ಕೇ.

7. ಜಾತ್ರೆಯ ಬೆಂಡು-ಬತ್ತಾಸು ಒಮ್ಮೆ ತಿಂದು ಬಾಯಿ ಮುಕ್ಕಳಿಸಲಿ, ಅಡ್ಡಿಯಿಲ್ಲ. ಚಹಾಕ್ಕೆ ಅದ್ದಿದ ಬಿಸ್ಕತ್ತು ದಿನವಿಡೀ ನಡೆಯುತ್ತದಲ್ಲ, ಅದು ಹೆಚ್ಚು ಕೇಡು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ಹಲ್ಲನ್ನೂ ನೋಡುತ್ತದೆ. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ.

8. ಆಡುತ್ತಾ ಬಿದ್ದು ಹಾಲುಹಲ್ಲು ಕಳಚಿದರೆ ಮತ್ತೆ ಕೂರಿಸಲು ಹೋಗಬೇಡಿ. ಹೊಸ ಹಲ್ಲು ಬುಡಸಮೇತ ಕಿತ್ತು ಬಂದರೆ ಬೇರು ಮುಟ್ಟದೆ, ತಿಕ್ಕಿ ತೊಳೆಯದೆ, ಹಾಲಿನಲ್ಲಿ ಹಾಕಿಕೊಂಡು ಹೊರಡಿ. ಗಂಟೆಯೊಳಗೆ ಕೂರಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು. ಲಿಂಗಸುಗೂರೋ ಸಿಂಧನೂರೋ, ಬೇಗ ಸಿಗುವ ದಂತವೈದ್ಯರಲ್ಲಿಗೆ ಹೋಗಿ. ದೊಡ್ಡ ಆಸ್ಪತ್ರೆಯೇ ಬೇಕೆಂದು ರಾಯಚೂರಿನ ಬಸ್ಸು ಹತ್ತಿದರೆ ಆ ಗಂಟೆ ದಾರಿಯಲ್ಲೇ ಮುಗಿಯುತ್ತದೆ.