ಕೋಬಾಲ್ಟ್ ಆಕ್ಸೈಡ್

ವಿಜಯಪುರದ ಗೋಲ ಗುಮ್ಮಟದ ಮುಂದಿರುವ ನಗಾರಖಾನೆಯಲ್ಲಿ ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಪ್ರಾಚೀನ ವಸ್ತುಗಳಲ್ಲಿ ಚೀನಾ ದೇಶದ ಪಿಂಗಾಣಿ ಪಾತ್ರೆಗಳೂ ಸೇರಿವೆ. ಬಿಳಿಯ ಪಿಂಗಾಣಿಯ ಮೇಲೆ ಚೀನಾದ ಕುಶಲಕರ್ಮಿಗಳು ಬರೆದ ನೀಲಿ ಚಿತ್ತಾರ ಲೋಕಪ್ರಸಿದ್ಧವಾದುದು. ಆ ನೀಲಿಗೆ ಮೂಲವಾದ ವಸ್ತುವೇ ಕೋಬಾಲ್ಟ್ ಆಕ್ಸೈಡ್. ಈ ಬಣ್ಣಕ್ಕೆ ಕಾರಣ ಕೋಬಾಲ್ಟ್ ಎಂಬ ಪ್ರತ್ಯೇಕ ಲೋಹವೆಂಬುದನ್ನು 1735ರ ಸುಮಾರಿಗೆ ಸ್ವೀಡನ್ನಿನ ವಿಜ್ಞಾನಿ ಬ್ರಾಂಟ್ ತೋರಿಸಿಕೊಟ್ಟನು.

ಕೋಬಾಲ್ಟಿಗೆ ಮುಖ್ಯವಾಗಿ ಎರಡು ಆಕ್ಸೈಡುಗಳಿವೆ. ಒಂದು ಬೂದು ಇಲ್ಲವೆ ಹಸುರು ಛಾಯೆಯ ಪುಡಿ; ಇನ್ನೊಂದು ಕಪ್ಪು ಪುಡಿ. ಕಪ್ಪು ಪುಡಿಯನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಅದು ಆಮ್ಲಜನಕವನ್ನು ಬಿಟ್ಟುಕೊಟ್ಟು ಮೊದಲನೆಯದಾಗಿ ಮಾರ್ಪಡುತ್ತದೆ. ಇವೆರಡೂ ನೀರಿನಲ್ಲಿ ಕರಗುವುದಿಲ್ಲ. ಆದರೆ ಕಾದು ದ್ರವವಾದ ಗಾಜಿನಲ್ಲಿ ಬೆರೆಯುತ್ತವೆ. ಸಾವಿರ ಪಾಲು ಗಾಜಿಗೆ ಒಂದು ಪಾಲು ಆಕ್ಸೈಡ್ ಸೇರಿದರೂ ಗಾಢ ನೀಲಿ ಬರುತ್ತದೆ. ಕುಲುಮೆಯ ಉರಿಗೂ ಆ ಬಣ್ಣ ಮಾಸುವುದಿಲ್ಲ. ಕಬ್ಬಿಣದ ಪಾತ್ರೆಗೆ ಎನಾಮಲ್ ಲೇಪವು ಬಿಗಿಯಾಗಿ ಅಂಟಿಕೊಳ್ಳಲೂ ಈ ಆಕ್ಸೈಡ್ ನೆರವಾಗುತ್ತದೆ.

ಅಲ್ಪ ಪ್ರಮಾಣದ ಮಹತ್ತ್ವವು ಜೀವಿಗಳಲ್ಲಿಯೂ ಕಂಡುಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲಿನಲ್ಲಿ ಕುರಿಹಿಂಡುಗಳು ಮೇಯುವುದನ್ನು ನೀವು ನೋಡಬಹುದು. ಮೇವಿನೊಡನೆ ಕುರಿಯ ಹೊಟ್ಟೆ ಸೇರಿದ ಕೋಬಾಲ್ಟಿನಿಂದ ಅಲ್ಲಿನ ಸೂಕ್ಷ್ಮಜೀವಿಗಳು ಬಿ-12 ಜೀವಸತ್ತ್ವವನ್ನು ತಯಾರಿಸುತ್ತವೆ. ಆಸ್ಟ್ರೇಲಿಯಾದ ಕೆಲವು ಪ್ರದೇಶಗಳಲ್ಲಿ ಮೇವು ಸಮೃದ್ಧವಾಗಿದ್ದರೂ ಕುರಿಗಳು ಸೊರಗಿ ಸಾಯುತ್ತಿದ್ದವು. ಮಣ್ಣಿನಲ್ಲಿ ಕೋಬಾಲ್ಟ್ ಸಾಲದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು 1930ರ ದಶಕದಲ್ಲಿ ತಿಳಿದುಬಂದಿತು. 1950ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಕೋಬಾಲ್ಟ್ ಆಕ್ಸೈಡನ್ನು ಜೇಡಿಮಣ್ಣಿನೊಡನೆ ಸುಟ್ಟು, ಭಾರವಾದ ಗುಳಿಗೆ ಮಾಡಿ ಕುರಿಗಳಿಗೆ ನುಂಗಿಸಿದರು. ಗುಳಿಗೆಯು ಹೊಟ್ಟೆಯಲ್ಲಿಯೇ ತಂಗಿ ಬಹುಕಾಲ ಸ್ವಲ್ಪಸ್ವಲ್ಪವಾಗಿ ಕೋಬಾಲ್ಟನ್ನು ಒದಗಿಸಿತು. ಆದರೆ ಮಿತಿ ಮೀರಿದರೆ ಇದೇ ವಸ್ತು ವಿಷವಾಗುತ್ತದೆ. ಪಶುವೈದ್ಯರ ಸಲಹೆಯಿಲ್ಲದೆ ಇದನ್ನು ಪ್ರಾಣಿಗಳಿಗೆ ಕೊಡಬಾರದು.

ಕೋಬಾಲ್ಟ್ ಆಕ್ಸೈಡಿನ ಇನ್ನೊಂದು ಉಪಯೋಗ ಬ್ಯಾಟರಿಗೆ ಸಂಬಂಧಿಸಿದುದು. ಇದರೊಡನೆ ಲಿಥಿಯಂ ಸಂಯುಕ್ತವನ್ನು ಸೇರಿಸಿ ಕಾಯಿಸಿದರೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ದೊರೆಯುತ್ತದೆ. ಮತ್ತೆ ಮತ್ತೆ ವಿದ್ಯುತ್ ತುಂಬಬಲ್ಲ ಬ್ಯಾಟರಿಗೆ ಇದು ತಕ್ಕುದೆಂದು 1980ರಲ್ಲಿ ಗುಡ್‌ಇನಫ್ ಮತ್ತು ಅವರ ಸಂಗಡಿಗರು ತೋರಿಸಿದರು. ಇಂದು ಅನೇಕ ಮೊಬೈಲ್ ಫೋನುಗಳ ಬ್ಯಾಟರಿಗಳಲ್ಲಿ ಅದು ಇದೆ. ಕೋಬಾಲ್ಟಿಗಾಗಿ ಭಾರತವು ಬಹುಮಟ್ಟಿಗೆ ಹೊರದೇಶಗಳನ್ನು ಅವಲಂಬಿಸಿದೆ. ಆದುದರಿಂದ ಕೆಟ್ಟ ಬ್ಯಾಟರಿಗಳನ್ನು ಹೊಲದ ಬದುವಿಗೋ ತಿಪ್ಪೆಗೋ ಎಸೆಯದೆ, ಅವುಗಳನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಹಾಗೆ ಮಾಡಿದರೆ ಲೋಹವು ಮತ್ತೆ ಬಳಕೆಗೆ ಬರುತ್ತದೆ. ಮಣ್ಣೂ ನೀರೂ ಕೆಡದೆ ಉಳಿಯುತ್ತವೆ.