ಮುಳುಗಿಸಿದ ಹಡಗು, ಎಣಿಸಿದ ಉಸಿರು

ಹಡಗು ಮುಳುಗಿತು ಅಂದ್ರೆ ಅನಾಹುತ ಅಂತಲೇ ಅಂದ್ಕೋತೀವಿ. ಆದರೆ ಬೇಕಂತಲೇ ಮುಳುಗಿಸಿದ ಹಡಗುಗಳೂ ಇವೆ. ಇವತ್ತು ಅಂಥದ್ದೊಂದರ ಕಥೆ, ಜೊತೆಗೆ ಒಂದು ಸಣ್ಣ ಲೆಕ್ಕ.

ಅಮೆರಿಕದ ಫ್ಲಾರಿಡಾದಲ್ಲಿ ಕೀ ಲಾರ್ಗೋ ಎಂಬ ದ್ವೀಪವಿದೆ. ಅದರಾಚೆಯ ಬೆಚ್ಚಗಿನ ಕಡಲಲ್ಲಿ, ಸುಮಾರು 40 ಮೀಟರ್ ಆಳದ ಮರಳಿನ ಮೇಲೆ, ‘ಸ್ಪೀಗಲ್ ಗ್ರೋವ್’ ಎಂಬ ಹಳೆಯ ನೌಕಾಪಡೆ ಹಡಗು ಕೂತಿದೆ. ಉದ್ದ 155 ಮೀಟರ್. 2002ರ ಮೇ ತಿಂಗಳಲ್ಲಿ, ಮುಳುಗಿಸುವ ತಯಾರಿ ನಡೆದಿರುವಾಗಲೇ ಅದು ಮಗುಚಿಕೊಂಡು, ಮೂತಿಯಷ್ಟೇ ನೀರಿನ ಮೇಲೆ ಉಳಿಯಿತು. ಮುಂದಿನ ತಿಂಗಳು ಪಕ್ಕಕ್ಕೆ ಹೊರಳಿಸಿ ಪೂರ್ತಿ ಮುಳುಗಿಸಿದರು. 2005ರಲ್ಲಿ ಡೆನಿಸ್ ಚಂಡಮಾರುತ ಹಾದುಹೋದ ಮೇಲೆ ನೋಡಿದರೆ, ಹಡಗು ನೆಟ್ಟಗಾಗಿತ್ತು!

ಯಾಕೆ ಮುಳುಗಿಸ್ತಾರೆ? ಹವಳದ ಮರಿಗಳಿಗೆ ಅಂಟಿಕೊಳ್ಳಲು ಗಟ್ಟಿ ಜಾಗ ಬೇಕು. ಸರಿದಾಡುವ ಮರಳಲ್ಲಿ ಅದು ಸಿಗಲ್ಲ, ಉಕ್ಕಿನ ಮೇಲೆ ಸಿಗುತ್ತೆ. ಹವಳ, ಸ್ಪಂಜುಗಳ ಹಿಂದೆಯೇ ಮೀನುಗಳು ಬರುತ್ತವೆ, ಮೀನುಗಳ ಹಿಂದೆ ಡೈವರ್‌ಗಳು.

ಈಗ ಲೆಕ್ಕ. ನೀರಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹಾಗಾಗಿ 30 ಮೀಟರ್‌ನಲ್ಲಿ ಒತ್ತಡ ಮೇಲಿನದರ 4 ಪಟ್ಟು. ಅಲ್ಲಿ ಎದೆ ಹಿಗ್ಗಬೇಕಾದರೆ ಅಷ್ಟೇ ಒತ್ತಡದ ಗಾಳಿ ಬೇಕು. ಅಂದರೆ ಒಂದೊಂದು ಉಸಿರಿಗೂ ಸಿಲಿಂಡರ್‌ನಿಂದ 4 ಪಟ್ಟು ಗಾಳಿ ಖಾಲಿ.

11 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2200 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 110 ನಿಮಿಷ ಬರುತ್ತೆ. ಅದೇ ಗಾಳಿ 30 ಮೀಟರ್‌ನಲ್ಲಿ 27 ನಿಮಿಷಕ್ಕೆ ಮುಗಿಯುತ್ತೆ. ಗಾಬರಿಯಾದರೆ ಇನ್ನೂ ಬೇಗ.

ಹಡಗಿನೊಳಗೆ ಹೋಗುವವರು ಇದನ್ನು ಮೂರು ಪಾಲು ಮಾಡ್ತಾರೆ: ಒಳಹೋಗಲು ಒಂದು, ಹೊರಬರಲು ಒಂದು, ಆಪತ್ತಿಗೆ ಒಂದು. ಅಂದರೆ ಒಳಗಿನ ದಾರಿಗೆ 9 ನಿಮಿಷ, ಅಷ್ಟೇ. ಇಳಿಯಲು, ಏರಲು ಬೇಕಾದ ಗಾಳಿಯನ್ನು ಕಳೆದರೆ ಅದೂ ಇಲ್ಲ.

ಆ ಮೂರನೇ ಪಾಲು ಯಾಕೆ? ಒಳಗೆ ಕಾಲಿನ ಫಿನ್ ಒಮ್ಮೆ ಬಡಿದರೆ ಸಾಕು, ತುಕ್ಕು, ಹೂಳು ಎದ್ದು ಸ್ವಂತ ಕೈಯೂ ಕಾಣಲ್ಲ. ತಲೆ ಮೇಲೆ ಉಕ್ಕಿನ ಸೂರು. ನೇರ ಮೇಲೇಳೋ ಹಾಗಿಲ್ಲ. ಬಾಗಿಲಿಂದ ಬಿಟ್ಟುಕೊಂಡು ಬಂದ ಹಗ್ಗವೇ ದಾರಿ. 2007ರಲ್ಲಿ ಇದೇ ಹಡಗಿನೊಳಗೆ ಮೂವರು ಡೈವರ್‌ಗಳು ಪ್ರಾಣ ಕಳೆದುಕೊಂಡರು.

ನಮ್ಮಲ್ಲಿ ಅನೇಕರು ರಜೆಗೆ ಊರಿಗೆ ಹೋದಾಗ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮೊದಲ ಡೈವ್ ಮಾಡಿರ್ತೀವಿ. ಅದು ಒಳ್ಳೆಯ ಆರಂಭ. ಆದರೆ ಮುಳುಗಿದ ಹಡಗಿನೊಳಗೆ ಹೋಗಲು ಬೇರೆಯೇ ತರಬೇತಿ ಬೇಕು. ಅದಿಲ್ಲದಿದ್ದರೆ ಹೊರಗಿನಿಂದಲೇ ನೋಡೋಣ. ಹವಳ, ಮೀನು ಎಲ್ಲ ಹೊರಗೇ ಧಾರಾಳವಾಗಿವೆ.

ಕೊನೆಗೊಂದು ಮನೆಗೆಲಸ: ಇದೇ ಸಿಲಿಂಡರ್ 20 ಮೀಟರ್‌ನಲ್ಲಿ ಎಷ್ಟು ನಿಮಿಷ ಬರುತ್ತೆ? ಲೆಕ್ಕ ಹಾಕಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.