ಚೀನೀ ನುಡಿಗಟ್ಟುಗಳ ಅಭ್ಯಾಸ


ನಾಲ್ಕಕ್ಷರದ ಚೀನೀ ನುಡಿಗಟ್ಟುಗಳಾದ ‘ಚೆಂಗ್‌ಯು’ಗಳನ್ನು ಎಷ್ಟು ಕಂಠಪಾಠ ಮಾಡಿದರೂ ಸಮಯಕ್ಕೆ ಅವು ಒದಗಿಬಾರವೆಂದು ವ್ಯಥೆಪಟ್ಟಿರುವಿರಿ; ಪಟ್ಟಿಯನ್ನು ಬದಿಗಿರಿಸಿ ಕಥೆಯನ್ನು ಹಿಡಿಯಿರಿ. ಹಾವಿನ ಚಿತ್ರವನ್ನು ಎಲ್ಲರಿಗಿಂತ ಮೊದಲು ಮುಗಿಸಿದವನು, ಬಿಡುವಿದೆಯೆಂಬ ಹಮ್ಮಿನಿಂದ ಅದಕ್ಕೆ ಕಾಲುಗಳನ್ನೂ ಬರೆಯತೊಡಗಿ, ಪಣವಾಗಿದ್ದ ಮದ್ಯವನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬೇಕಾದ ಚು ರಾಜ್ಯದ ವೃತ್ತಾಂತವನ್ನು ‘ಝಾನ್‌ಗುವೋ ತ್ಸೆ’ ಗ್ರಂಥದಿಂದ ಅರಿತವರು ‘ಹುವಾ ಷೆ ಥ್ಯೆನ್ ಝು’ (ಹಾವು ಬರೆದು ಕಾಲು ಸೇರಿಸು) ಎಂಬುದನ್ನು ಮರೆಯಲಾರರು. ಅನಗತ್ಯವಾದ ಸೇರ್ಪಡೆಯಿಂದ ಕಾರ್ಯ ಕೆಟ್ಟೆಡೆಯಲ್ಲದೆ ಅನ್ಯತ್ರ ಅದನ್ನು ಪ್ರಯೋಗಿಸಲೂ ಆರರು.

ಔಪಚಾರಿಕ ಶಬ್ದಗಳ ವಿಷಯದಲ್ಲಾದರೋ ಬಿಡಿಪದಕ್ಕಿಂತ ಅದರ ಜೊತೆಪದವೇ ಮುಖ್ಯ: ‘ನಡೆಸು’ ಎಂಬರ್ಥದ ‘ಜಿನ್‌ಶಿಂಗ್’ ತನಿಖೆಯನ್ನು ಸೂಚಿಸುವ ಎರಡಕ್ಷರದ ‘ದ್ಯಾವ್‌ಛಾ’ವನ್ನು ಅಪೇಕ್ಷಿಸುವುದೇ ಹೊರತು ಒಂಟಿಯಾದ ‘ಛಾ’ವನ್ನು ಸೇರಿಸಿಕೊಳ್ಳದು. ಆದುದರಿಂದ ದಿನಕ್ಕೊಂದು ಪತ್ರಿಕಾವಾರ್ತೆಯನ್ನು ಗಟ್ಟಿಯಾಗಿ ಓದಿ, ಇಂತಹ ಜೋಡಿಗಳನ್ನು ವಾಕ್ಯಸಮೇತ ಬರೆದಿಟ್ಟುಕೊಳ್ಳಿರಿ. ಚೆಂಗ್‌ಯುವನ್ನಂತೂ ಮೂವರು ಲೇಖಕರಲ್ಲಿ ಕಂಡ ಬಳಿಕವೇ ನಿಮ್ಮ ಬರಹಕ್ಕೆ ತಂದುಕೊಳ್ಳಿರಿ.